ಮೂಗಿಗಿಂತ ಮೂಗುತಿ ಭಾರ! ಉಮ್ಮಚಗಿ ಸೀಮೆಯಲ್ಲಿ ಹಳೆ ಕಾರಿನ ಲೆಕ್ಕಾಚಾರ

ಉಮ್ಮಚಗಿ: ಅಡಿಕೆ ವಿಕ್ರಿಯ ದುಡ್ಡು ಕೈಗೆ ಬಂತೆಂದರೆ ಈ ಸೀಮೆಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ. "ಈ ಸಲನಾದ್ರೂ ಒಂದು ಕಾರು ತಗಳ್ಳೋಣ." ಹೊಸದಕ್ಕೆ ಏಳೆಂಟು ಲಕ್ಷ ಬೇಕು. ಕೈಯಲ್ಲಿರುವುದು ಎರಡು. ಕೊನೆಗೆ ಯಾರೋ ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ಸಂಜೆಗೆ ಥಳಥಳ ಹೊಳೆಯುವ, ಡಿಕ್ಕಿ ಇರುವ ಉದ್ದ ಕಾರೊಂದು ಅಂಗಳಕ್ಕೆ ಬಂದು ನಿಲ್ಲುತ್ತದೆ. ಕುಂಕುಮ ಹಚ್ಚಿ, ಚಕ್ರಕ್ಕೆ ಲಿಂಬೆಹಣ್ಣು ಇಟ್ಟು ಪೂಜೆ ಆಗುತ್ತದೆ. ಕತೆ ಶುರುವಾಗುವುದು ಅಲ್ಲಿಂದ ಮುಂದೆ.

ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಗ್ಯಾರೇಜಿನ ಚೀಟಿಗಳು ಒಂದೊಂದಾಗಿ ಬರತೊಡಗುತ್ತವೆ. ಇಂದು ಬುಶ್, ನಾಳೆ ಕ್ಲಚ್, ನಾಡಿದ್ದು ರೇಡಿಯೇಟರ್. "ಎರಡು ಲಕ್ಷದ ಒಳಗೇ ಬಿತ್ತು" ಎಂದು ಬೀಗಿದವರು ವರ್ಷ ತಿರುಗುವುದರೊಳಗೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಹಾಗಾದರೆ ಹಳೆ ಕಾರು ಕೊಳ್ಳಲೇಬಾರದೇ? ಹಾಗಲ್ಲ. ಕೊಳ್ಳುವ ಬೆಲೆಯನ್ನೇ ಕಾರಿನ ಬೆಲೆ ಎಂದು ತಿಳಿಯಬಾರದು, ಅಷ್ಟೇ. ಈ ಮಳೆಯ, ಈ ಘಟ್ಟದ, ಈ ಮಣ್ಣು ರಸ್ತೆಯ ಸೀಮೆಯಲ್ಲಿ ಆ ಬೆಲೆಯ ಮೇಲೆ ಇನ್ನೊಂದು ಮೂರನೇ ಒಂದು ಪಾಲನ್ನು ಕೈಯಲ್ಲಿ ಹಿಡಿದವನು ಮಾತ್ರ ವ್ಯಾಪಾರಕ್ಕೆ ಕೂರಬೇಕು. ಅದು ಯಾಕೆ ಎಂಬುದನ್ನು ಬಿಡಿಸಿ ನೋಡೋಣ.

ಶೋಕಿಗಲ್ಲ, ರಾತ್ರಿಗೆ

ಪೇಟೆಯವರಿಗೆ ಕಾರು ಅನುಕೂಲ. ಇಲ್ಲಿ ಅದು ಆಪತ್ತಿನ ಗಾಡಿ. ತೋಟದ ಮನೆಗಳು ಒಂದಕ್ಕೊಂದು ದೂರ. ಮುಖ್ಯ ರಸ್ತೆಗೆ ಬರಲು ಒಂದೆರಡು ಮೈಲಿ ಕಾಡು ದಾರಿ. ಕೊನೆಯ ಬಸ್ಸು ಹೋದ ಮೇಲೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಕಾಣಿಸಿಕೊಂಡರೆ, ಹಾವು ಕಚ್ಚಿದರೆ ಕಾಯುತ್ತ ಕೂರುವಂತಿಲ್ಲ. ದೊಡ್ಡ ಕಾಯಿಲೆಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಎಂದು ಜಿಲ್ಲೆಯ ಗಡಿ ದಾಟುವುದು ಉತ್ತರ ಕನ್ನಡದವರ ಹಣೆಬರಹ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗು ನೆನಪಿರಬಹುದು. ಯಲ್ಲಾಪುರದಿಂದ ಹುಬ್ಬಳ್ಳಿಗೇ ಸುಮಾರು ಎಪ್ಪತ್ತು ಕಿಲೋಮೀಟರು.

ಇಂಥ ರಾತ್ರಿ ಎರಡು ಗಂಟೆಗೆ, ಜುಲೈ ತಿಂಗಳ ಜಡಿಮಳೆಯಲ್ಲಿ, ಕೀಲಿ ತಿರುವಿದಾಗ "ಟಕ್" ಎಂದು ಸುಮ್ಮನಾಗುವ ಕಾರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಲ್ಲದಿದ್ದರೆ ಪಕ್ಕದ ಮನೆಯ ಜೀಪನ್ನಾದರೂ ಮೊದಲೇ ಕೇಳಿಟ್ಟಿರುತ್ತಾರೆ. ಆದ್ದರಿಂದ ಇಲ್ಲಿ ರಿಪೇರಿ ಎಂದರೆ ದುಡ್ಡಿನ ಮಾತಷ್ಟೇ ಅಲ್ಲ, ಜೀವದ ಮಾತು.

ಅಂಬಾಸಿಡರ್ ಹೋಯಿತು, ಸ್ಪ್ಯಾನರ್ ಸಾಲದಾಯಿತು

ಹಿಂದೆ ಈ ಸೀಮೆಯ ದಾರಿಗೆ ಅಂಬಾಸಿಡರೇ ಸರಿ ಎನ್ನುತ್ತಿದ್ದರು. ಹಿಂದುಗಡೆ ಎತ್ತಿನಗಾಡಿಯಂತೆ ಪಟ್ಟಿ ಸ್ಪ್ರಿಂಗು, ದಪ್ಪ ತಗಡು, ಬಾನೆಟ್ ಎತ್ತಿದರೆ ಕೈಗೆ ಸಿಗುವ ಇಂಜಿನ್ನು. ನಾಲ್ಕು ಸ್ಪ್ಯಾನರ್ ಇದ್ದ ಡ್ರೈವರ್ ದಾರಿಯಲ್ಲೇ ಅರ್ಧ ರಿಪೇರಿ ಮಾಡುತ್ತಿದ್ದ. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರ ಮೇ ತಿಂಗಳಲ್ಲಿ ಅದರ ತಯಾರಿಕೆ ನಿಂತಿತು.

ಈಗ ಎರಡು ಲಕ್ಷದ ಆಸುಪಾಸಿಗೆ ಸಿಗುವುದು ಮಾರುತಿ ಡಿಜೈರ್, ಟಾಟಾ ಇಂಡಿಗೋ, ಹುಂಡೈ ಆಕ್ಸೆಂಟ್, ಟೊಯೊಟಾ ಇಟಿಯೋಸ್, ಹಳೆಯ ಹೊಂಡಾ ಸಿಟಿಯಂಥವು. ಡಿಜೈರ್ 2008ರಲ್ಲಿ ಬಂತು. ಇಟಿಯೋಸ್ 2010ರಲ್ಲಿ ಬಂದು 2020ಕ್ಕೆ ನಿಂತಿತು. ಆಕ್ಸೆಂಟ್ 1999ರಲ್ಲಿ ಬಂದು 2013ಕ್ಕೆ ಮುಗಿಯಿತು. ಎಲ್ಲವೂ ಒಳ್ಳೆಯ ಗಾಡಿಗಳೇ. ಆದರೆ ಇವು ಟಾರು ರಸ್ತೆಗೆ ಹುಟ್ಟಿದವು. ಹೊಟ್ಟೆ ನೆಲಕ್ಕೆ ಹತ್ತಿರ, ಮೂತಿ-ಬಾಲ ಉದ್ದ. ದಣಪೆ ದಾಟಿ ಮನೆ ಅಂಗಳಕ್ಕೆ ಇಳಿಯುವಾಗ ಕಲ್ಲು ತಾಗುವುದು ಇಂಜಿನ್ನಿನ ಕೆಳಗಿನ ಆಯಿಲ್ ಬಾನಿಗೇ. ಅದು ಒಡೆದು ಆಯಿಲ್ ಸೋರಿದ್ದು ಗೊತ್ತಾಗದೆ ಎರಡು ಮೈಲಿ ಓಡಿಸಿದರೆ ಇಂಜಿನ್ನೇ ಕೈಬಿಟ್ಟಂತೆ. ಕೆಳಗೆ ಒಂದು ಕಬ್ಬಿಣದ ತಗಡು ಕಟ್ಟಿಸಿಕೊಳ್ಳಲು ಎರಡು-ಮೂರು ಸಾವಿರ. ಇಲ್ಲಿಯವರು ಮಾಡಿಸಬೇಕಾದ ಮೊದಲ ಕೆಲಸ ಅದು.

ಇನ್ನೊಂದು ಮಾತು. ಕಾರು ಮಾಡಿದ ಕಂಪನಿ ದೇಶದಲ್ಲಿ ಇದೆಯೋ ಇಲ್ಲವೋ ನೋಡಬೇಕು. ಷೆವ್ರೊಲೆ ಕಾರುಗಳ ಮಾರಾಟ 2017ರ ಕೊನೆಗೆ ನಿಂತಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ಬಿಡುವುದಾಗಿ ಸಾರಿತು. ಅಂಥ ಗಾಡಿಗಳು ಅಗ್ಗಕ್ಕೆ ಸಿಗುತ್ತವೆ, ಓಡಿಸಲೂ ಗಟ್ಟಿ. ಆದರೆ ಸಣ್ಣದೊಂದು ಸಾಮಾನು ಹೋದರೆ ಹುಬ್ಬಳ್ಳಿ, ಬೆಂಗಳೂರು ಎಂದು ತರಿಸಬೇಕು. ಅಷ್ಟು ದಿನ ಗಾಡಿ ಗ್ಯಾರೇಜಿನ ಮೂಲೆಯಲ್ಲಿ ಕೋಳಿ ಕೂರಲು ಜಾಗ.

ಕೆಳಗಿನಿಂದ ನೋಡಿ

ದಲ್ಲಾಳಿಯ ಬಾಯಿಪಾಠ ಎಲ್ಲರಿಗೂ ಗೊತ್ತು. "ಡಾಕ್ಟರ್ ಗಾಡಿ ರೀ ಇದು. ಬರೇ ಅರವತ್ತು ಸಾವಿರ ಓಡೇತಿ. ಒಂದ್ ರೂಪಾಯಿ ಕೆಲ್ಸ ಇಲ್ಲ. ಕೀಲಿ ತಗೋರಿ, ಹೊಂಡ್ರಿ." ಹದಿನೈದು ವರ್ಷದಲ್ಲಿ ಅರವತ್ತು ಸಾವಿರ ಓಡುವ ಡಾಕ್ಟರು ಇಲ್ಲವೆಂದಲ್ಲ. ಆದರೆ ಮೀಟರು ಹಿಂದಕ್ಕೆ ತಿರುಗಿಸುವ ಕೈಗಳೂ ಇವೆ. ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ, ಸ್ಟೇರಿಂಗಿನ ಚರ್ಮ ಜಾರುತ್ತಿದ್ದರೆ, ಡ್ರೈವರ್ ಸೀಟು ಒಂದು ಕಡೆ ಕುಸಿದಿದ್ದರೆ ಆ ಗಾಡಿ ಅರವತ್ತಲ್ಲ, ಲಕ್ಷ ಮೀರಿ ಓಡಿದೆ ಎಂದೇ ಲೆಕ್ಕ. ಸರ್ವೀಸ್ ಮಾಡಿಸಿದ ಹಳೆ ಬಿಲ್ಲು ಕೇಳಿ. ಅದರಲ್ಲಿ ಕಿಲೋಮೀಟರು ಬರೆದಿರುತ್ತದೆ.

ಬಣ್ಣ ನೋಡಿ ಮರುಳಾಗುವವರೇ ಜಾಸ್ತಿ. ಬಣ್ಣ ಮೇಲಿನದು, ತುಕ್ಕು ಕೆಳಗಿನದು. ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿಸಿ ನೋಡಬೇಕು. ಅದಕ್ಕೆ ಗ್ಯಾರೇಜಿನವರು ಕೇಳುವುದು ಐನೂರೋ ಸಾವಿರವೋ. ಎರಡು ಲಕ್ಷದ ವ್ಯಾಪಾರಕ್ಕೆ ಆ ಐನೂರು ಉಳಿಸಲು ಹೋಗಿ ಕೈ ಸುಟ್ಟುಕೊಂಡವರಿದ್ದಾರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಳೆ ಎಂದರೆ ಹುಬ್ಬಳ್ಳಿ-ಧಾರವಾಡದ ಮಳೆಯಲ್ಲ. ನಾಲ್ಕು ತಿಂಗಳು ಗಾಡಿಯ ಹೊಟ್ಟೆ ಒಣಗುವುದೇ ಇಲ್ಲ. ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಡಿಕ್ಕಿಯ ತಳ ಇವು ತುಕ್ಕಿನ ತವರುಮನೆ. ಬಾಗಿಲ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ಸೇರಿ ಅವು ಮುಚ್ಚಿಕೊಂಡರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ವರ್ಷಕ್ಕೆ ಎರಡು ಸಲ ಹಿಡಿಕಡ್ಡಿ ಹಾಕಿ ಚುಚ್ಚಿದರೆ ಸಾಕು, ಖರ್ಚು ಸೊನ್ನೆ.

ಡಿಕ್ಕಿಯ ಕಾರುಗಳಿಗೆ ಇನ್ನೊಂದು ವಿಶೇಷ ಕಾಯಿಲೆ. ಹಿಂದಿನ ದೀಪದ ಸುತ್ತಲಿನ ರಬ್ಬರು ಒಣಗಿ ಬಿರಿದು ಅಲ್ಲಿಂದ ನೀರು ಇಳಿಯುತ್ತದೆ. ಇಳಿದ ನೀರು ಸ್ಟೆಪ್ನಿ ಇಡುವ ಗುಂಡಿಯಲ್ಲಿ ನಿಲ್ಲುತ್ತದೆ. ಡಿಕ್ಕಿ ತೆಗೆದು, ಮೇಲಿನ ಚಾಪೆ ಎತ್ತಿ, ಸ್ಟೆಪ್ನಿ ಹೊರಗೆ ತೆಗೆದು ಕೈಯಾಡಿಸಿ. ಪುಡಿ ತುಕ್ಕು ಕೈಗೆ ಬಂತೋ, ಬೆಲೆ ಇಳಿಸಿ. ತೂತು ಕಂಡಿತೋ, ಕೈ ಮುಗಿದು ಬನ್ನಿ. ತುಕ್ಕು ಹಿಡಿದ ಪಟ್ಟಿ ಕತ್ತರಿಸಿ ಬೆಸುಗೆ ಹಾಕಿ ಬಣ್ಣ ಬಳಿಯಲು ಟಿಂಕರಿಂಗಿನವರು ಒಂದು ಬದಿಗೇ ಐದರಿಂದ ಹತ್ತು ಸಾವಿರ ಕೇಳುತ್ತಾರೆ. ಪುಟ್ಟಿ ತುಂಬಿ ಮುಚ್ಚಿದ್ದಾರೋ ಎಂದು ನೋಡಲು ಒಂದು ಅಯಸ್ಕಾಂತ ಒಯ್ಯಿರಿ. ತಗಡಿಗೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ.

ನೆರೆಯಲ್ಲಿ ಮುಳುಗಿದ ಗಾಡಿ ಎಂಬುದು ಬೇರೆಯೇ ಮೋಸ. 2015ರ ಡಿಸೆಂಬರಿನಲ್ಲಿ ಚೆನ್ನೈ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ನೀರಿನಲ್ಲಿ ನಿಂತಾಗ ಕಾರುಗಳೂ ನಿಂತವು. ಹಾಗೆ ನೆಂದ ಗಾಡಿ ತೊಳೆದು ಒಣಗಿಸಿದ ಮೇಲೆ ದೂರದ ಊರಿನ ಗಿರಾಕಿಗೆ ಹೊಸದರಂತೆಯೇ ಕಾಣುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ತುದಿಯಲ್ಲಿ ಕೆಸರಿನ ಗುರುತು ಇರುತ್ತದೆ. ಸೀಟಿನ ಕೆಳಗಿನ ಕಬ್ಬಿಣದ ಹಳಿ ತುಕ್ಕು ಹಿಡಿದಿರುತ್ತದೆ. ಕಿಟಕಿ ಮುಚ್ಚಿ ಐದು ನಿಮಿಷ ಕೂತರೆ ಮೂಗೇ ಹೇಳುತ್ತದೆ.

ಮುಂಗಾಲು ಮೊದಲು ಸೋಲುತ್ತದೆ

ಹಳೆ ಎತ್ತಿನಂತೆ ಹಳೆ ಕಾರಿಗೂ ಮೊದಲು ಬರುವುದು ಕಾಲುನೋವು. ಗುಂಡಿ ಬಿದ್ದ ರಸ್ತೆಯಲ್ಲಿ ಮುಂದಿನ ಚಕ್ರದ ಕಡೆಯಿಂದ "ಕಟಕಟ" ಸದ್ದು ಬಂತೆಂದರೆ ಲೋವರ್ ಆರ್ಮ್ ಬುಶ್, ಬಾಲ್ ಜಾಯಿಂಟ್, ಲಿಂಕ್ ರಾಡ್ ಇವುಗಳಲ್ಲಿ ಯಾವುದೋ ಹೋಗಿದೆ. ಎರಡೂ ಕಡೆ ಹೊಸದು ಹಾಕಲು ಮೂರರಿಂದ ಐದು ಸಾವಿರ. ಶಾಕ್ ಅಬ್ಸಾರ್ಬರ್ ಜೋಡಿಗೆ ಐದರಿಂದ ಏಳು ಸಾವಿರ. ಕೂಲಿ, ಚಕ್ರದ ಅಲೈನ್‌ಮೆಂಟ್ ಸೇರಿದರೆ ಮುಂಗಾಲಿನ ಲೆಕ್ಕವೇ ಹನ್ನೆರಡು ಸಾವಿರ ಮುಟ್ಟುತ್ತದೆ. ಸದ್ದು ಬಂದಾಗ ಸುಮ್ಮನಿದ್ದರೆ ಟಯರು ಒಳಬದಿಯಲ್ಲಿ ಸವೆದು ಆ ಖರ್ಚೂ ಮೈಮೇಲೆ ಬೀಳುತ್ತದೆ. ಸ್ಟೇರಿಂಗ್ ರ‍್ಯಾಕ್ ಸಡಿಲವಾದರೆ ರಿಪೇರಿಗೆ ನಾಲ್ಕೈದು ಸಾವಿರ, ಹೊಸದಕ್ಕೆ ಹತ್ತು ಸಾವಿರದ ಸುತ್ತಮುತ್ತ.

ಟಯರಿನ ಹಲ್ಲು ನೋಡಿದರೆ ಸಾಲದು, ಹುಟ್ಟಿದ ದಿನ ನೋಡಬೇಕು. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚೊತ್ತಿರುತ್ತಾರೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದ್ದು. ಓಡದೆ ನಿಂತ ಗಾಡಿಯ ಟಯರು ಹಲ್ಲು ಇದ್ದರೂ ರಬ್ಬರು ಸತ್ತಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ. ನಾಲ್ಕಕ್ಕೆ ಹದಿನಾಲ್ಕರಿಂದ ಹದಿನೆಂಟು ಸಾವಿರ ತೆಗೆದಿಡಿ.

ಘಟ್ಟ ಪರೀಕ್ಷೆ

ಅಂಕೋಲೆಗೆ ಹೋದರೆ ಅರಬೈಲು, ಕುಮಟೆಗೆ ಹೋದರೆ ದೇವಿಮನೆ. ಈ ಸೀಮೆಯ ಗಾಡಿಗೆ ಘಟ್ಟವೇ ಪರೀಕ್ಷೆ. ಹುಬ್ಬಳ್ಳಿಯ ಸಪಾಟು ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ "ಚಲೋ ಐತಿ" ಎಂದು ಬಂದವರಿಗೆ ಘಟ್ಟದ ನಡುವೆ ಬಾನೆಟ್ಟಿನಿಂದ ಹಬೆ ಏಳುವುದು ಕಾಣುತ್ತದೆ.

ಇಂಜಿನ್ನು ಕಾಯುವುದಕ್ಕೆ ಕಾರಣ ಹೆಚ್ಚಿನ ಸಲ ಸಣ್ಣದೇ. ರೇಡಿಯೇಟರಿಗೆ ಕೂಲಂಟ್ ಬದಲು ವರ್ಷಗಟ್ಟಲೆ ಬಾವಿ ನೀರು ಹಾಕಿ ಒಳಗೆ ತುಕ್ಕು ಕಟ್ಟಿರುತ್ತದೆ. ಇಲ್ಲವೇ ರಬ್ಬರ್ ಪೈಪು ಬಿರಿದಿರುತ್ತದೆ, ಫ್ಯಾನು ತಿರುಗುತ್ತಿರುವುದಿಲ್ಲ. ಪೈಪಿಗೆ ನೂರಾರು ರೂಪಾಯಿ, ವಾಟರ್ ಪಂಪಿಗೆ ಒಂದೂವರೆಯಿಂದ ಮೂರು ಸಾವಿರ, ರೇಡಿಯೇಟರಿಗೆ ಮೂರರಿಂದ ಆರು ಸಾವಿರ. ಆದರೆ ಮುಳ್ಳು ಕೆಂಪು ಗೆರೆಗೆ ಹೋದ ಮೇಲೂ "ಇನ್ನೇನು ಮನೆ ಬಂತು" ಎಂದು ಓಡಿಸಿದವನಿಗೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಹೆಡ್ ಬಿಚ್ಚಿ, ಲೇತಿಗೆ ಕೊಟ್ಟು, ಮತ್ತೆ ಕೂರಿಸಲು ಹದಿನೈದು ಸಾವಿರದಿಂದ ಮೇಲಕ್ಕೆ. ಕೊಳ್ಳುವ ಮೊದಲು ಆಯಿಲ್ ಮುಚ್ಚಳ ಬಿಚ್ಚಿ ಒಳಗೆ ನೋಡಿ. ಮಜ್ಜಿಗೆಯ ನೊರೆಯಂತೆ ಬಿಳಿ ಕಟ್ಟಿದ್ದರೆ ನೀರು-ಎಣ್ಣೆ ಬೆರೆತಿರುವ ಸಂಶಯ. ಮಿಸ್ತ್ರಿಗೆ ತೋರಿಸದೆ ದುಡ್ಡು ಕೊಡಬೇಡಿ.

ಹೊಗೆಯೂ ಮಾತಾಡುತ್ತದೆ. ನೀಲಿ ಹೊಗೆ ಬಂದರೆ ಇಂಜಿನ್ನು ಆಯಿಲ್ ಕುಡಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿದೆ. ಡೀಸೆಲ್ ಗಾಡಿ ಕಪ್ಪು ಹೊಗೆ ಕಾರಿದರೆ ಇಂಜೆಕ್ಟರಿನ ಕಡೆ ಸಂಶಯ. ಡೀಸೆಲಿನ ಮೈಲೇಜು ಕೇಳಿ ಬಾಯಿ ಬಿಡುವವರು ಇದನ್ನು ತಿಳಿಯಬೇಕು: ಒಂದು ಇಂಜೆಕ್ಟರ್ ರಿಪೇರಿಗೇ ನಾಲ್ಕೈದು ಸಾವಿರ, ಹೊಸದಾದರೆ ಹತ್ತು ಮೀರುತ್ತದೆ, ಇರುವುದು ನಾಲ್ಕು. ಟರ್ಬೋ ಹೋದರೆ ಹದಿನೈದರಿಂದ ಮೂವತ್ತು ಸಾವಿರ. ತಿಂಗಳಿಗೆ ಮುನ್ನೂರು-ನಾಲ್ಕುನೂರು ಕಿಲೋಮೀಟರು ಓಡಿಸುವ ಮನೆಗೆ ಹಳೆ ಡೀಸೆಲ್ ಕಾರು ಬಿಳಿಯಾನೆಯೇ.

ಕ್ಲಚ್ ಪರೀಕ್ಷೆ ಸುಲಭ. ಸಪಾಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಮೆಲ್ಲಗೆ ಕ್ಲಚ್ ಬಿಡಿ. ಇಂಜಿನ್ನು ತಟ್ಟನೆ ನಿಂತರೆ ಕ್ಲಚ್ ಸರಿ. ಗರ್ರೆಂದು ಓಡುತ್ತಲೇ ಇದ್ದರೆ ಪ್ಲೇಟು ಸವೆದಿದೆ. ಪೆಟ್ರೋಲ್ ಗಾಡಿಗೆ ಕೂಲಿ ಸೇರಿ ಏಳರಿಂದ ಒಂಬತ್ತು ಸಾವಿರ. ಟೈಮಿಂಗ್ ಬೆಲ್ಟ್ ಇರುವ ಗಾಡಿಯಾದರೆ ಅದನ್ನು ಯಾವಾಗ ಬದಲಿಸಿದ್ದು ಎಂದು ಕೇಳಿ. ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ನಾಲ್ಕರಿಂದ ಎಂಟು ಸಾವಿರದ ಆ ಪಟ್ಟಿ ಓಡುವಾಗ ತುಂಡಾದರೆ ಹಲವು ಗಾಡಿಗಳಲ್ಲಿ ವಾಲ್ವುಗಳೂ ಬಾಗುತ್ತವೆ.

ಇಲಿ, ಜೌಗು, ಪೆಟ್ರೋಲು

ಕೊಟ್ಟಿಗೆ ಪಕ್ಕ ನಿಲ್ಲಿಸಿದ ಗಾಡಿಗೆ ಇಲಿಯ ಕಾಟ ತಪ್ಪಿದ್ದಲ್ಲ. ಬೆಚ್ಚಗಿರುವ ಇಂಜಿನ್ನಿನ ಮೇಲೆ ಗೂಡು ಕಟ್ಟಿ ವಯರು ಕಡಿಯುತ್ತದೆ. ಒಂದು ವಯರು ಜೋಡಿಸಲು ಐನೂರು, ಪೂರಾ ಕಟ್ಟು ಬದಲಿಸಲು ಹತ್ತು ಸಾವಿರ ದಾಟಬಹುದು. ಗಾಡಿಯ ಗಣಕಪೆಟ್ಟಿಗೆಗೇ ಏಟು ಬಿದ್ದರೆ ಇನ್ನೂ ಮೇಲೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಾಲ್ಕು ದಿನ ನಿಲ್ಲಿಸಿದರೆ ಹಿಂದಿನ ಬ್ರೇಕು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮ ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು ಮೇಲು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಘಟ್ಟ ಇಳಿಯುವಾಗ ಬ್ರೇಕ್ ಪೆಡಲು ನೆಲಕ್ಕೆ ಹೋಗಬಾರದು ಎಂದಿದ್ದರೆ ಈ ಸಾವಿರ ರೂಪಾಯಿಗೆ ಜಿಪುಣತನ ಬೇಡ.

ಪೆಟ್ರೋಲೂ ಈಗ ಹಿಂದಿನ ಪೆಟ್ರೋಲಲ್ಲ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಕೆಲವು ಹಳೆ ಗಾಡಿಗಳಲ್ಲಿ ಇಪ್ಪತ್ತು-ಮೂವತ್ತು ಸಾವಿರ ಕಿಲೋಮೀಟರು ಓಡಿದ ಮೇಲೆ ರಬ್ಬರಿನ ಭಾಗ, ಗ್ಯಾಸ್ಕೆಟ್ಟು ಬದಲಿಸಬೇಕಾಗಬಹುದು, ಮೈಲೇಜು ಸ್ವಲ್ಪ ಇಳಿಯಬಹುದು ಎಂದು ಕೇಂದ್ರ ಪೆಟ್ರೋಲಿಯಂ ಇಲಾಖೆಯೇ ಅದೇ ವರ್ಷದ ಆಗಸ್ಟಿನಲ್ಲಿ ಹೇಳಿತು. ಎಥನಾಲು ನೀರನ್ನು ಎಳೆದುಕೊಳ್ಳುವ ಪದಾರ್ಥ. ಜೌಗು ಹವೆಯಲ್ಲಿ ಅರ್ಧ ಟ್ಯಾಂಕು ಪೆಟ್ರೋಲಿಟ್ಟು ತಿಂಗಳುಗಟ್ಟಲೆ ನಿಲ್ಲಿಸುವವರು ಎಚ್ಚರ. ವಾರಕ್ಕೊಮ್ಮೆ ಗಾಡಿ ಓಡಲಿ. ಪೆಟ್ರೋಲ್ ಪೈಪು ಬೆವರಿದಂತೆ ಕಂಡರೆ, ವಾಸನೆ ಬಂದರೆ, ಅಂದೇ ಬದಲಿಸಿ. ಅದು ಬೆಂಕಿಯ ಸಂಗತಿ.

ಕಾಗದದ ತುಕ್ಕು

ತಗಡಿನ ತುಕ್ಕು ಕಣ್ಣಿಗೆ ಕಾಣುತ್ತದೆ, ಕಾಗದದ್ದು ಕಾಣುವುದಿಲ್ಲ. ಸ್ವಂತ ಬಳಕೆಯ ಕಾರಿನ ಆರ್.ಸಿ. ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಮೊದಲು 600 ರೂಪಾಯಿ ಇದ್ದ ಈ ಫೀಸು 2022ರ ಏಪ್ರಿಲ್ 1ರಿಂದ 5,000 ಆಯಿತು. ಇಪ್ಪತ್ತು ವರ್ಷ ಮೀರಿದ ಕಾರಿಗೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ತಡ ಮಾಡಿದರೆ ತಿಂಗಳಿಗೆ 500ರಂತೆ ದಂಡ. ಹಸಿರು ತೆರಿಗೆ ಬೇರೆ. ಹದಿನಾಲ್ಕು ವರ್ಷದ ಗಾಡಿ ಯಾಕೆ ಅಷ್ಟು ಅಗ್ಗ ಎಂಬುದಕ್ಕೆ ಉತ್ತರ ಇದರಲ್ಲೂ ಇದೆ.

ದೆಹಲಿ ಗಾಡಿ ಎಂದು ದೊಡ್ಡ ಡೀಸೆಲ್ ಕಾರುಗಳನ್ನು ಅರ್ಧ ಬೆಲೆಗೆ ತೋರಿಸುವವರಿದ್ದಾರೆ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳ ಮೇಲೆ ಅಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟು ಹಾಕಿದ ನಿರ್ಬಂಧವೇ ಅದರ ಗುಟ್ಟು. ಹೊರ ರಾಜ್ಯದ ಗಾಡಿಗೆ ಅಲ್ಲಿಯ ಎನ್.ಒ.ಸಿ. ಬೇಕು, ಇಲ್ಲಿ ಮತ್ತೆ ನೋಂದಣಿ ಆಗಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಅಗ್ಗ ಎನ್ನುವುದು ಅಲ್ಲಿಗೆ ಮುಗಿಯಿತು. ಈ ಕಡೆಯವರು ಶಿರಸಿಯ ಕೆಎ-31 ಕಚೇರಿಯಲ್ಲಿ ವಿಚಾರಿಸಿಯೇ ಮುಂಗಡ ಕೊಡುವುದು ಕ್ಷೇಮ.

ಸಾಲ ತೀರಿದ ಬ್ಯಾಂಕಿನ ಪತ್ರ, ನಮೂನೆ 35 ಇಲ್ಲದೆ ಬ್ಯಾಂಕಿನ ಹೆಸರು ಆರ್.ಸಿ.ಯಿಂದ ಇಳಿಯುವುದಿಲ್ಲ. ಮಾರುವವನು ನಮೂನೆ 29, 30ಕ್ಕೆ ಸಹಿ ಹಾಕಬೇಕು. ಹಳೆ ದಂಡ ಬಾಕಿ ಇದೆಯೇ, ವಿಮೆ ಇದೆಯೇ ಎಂಬುದನ್ನು ಸರಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರು ಹೊಡೆದು ನೋಡಬಹುದು. ಮಗನೋ ಮಗಳೋ ಎರಡು ನಿಮಿಷದಲ್ಲಿ ತೋರಿಸಿಕೊಡುತ್ತಾರೆ.

ಮಾರುವವರಿಗೂ ಒಂದು ಕಿವಿಮಾತು. "ನಮ್ಮವರೇ ಅಲ್ವಾ, ಹೆಸರು ಆಮೇಲೆ ಬದಲಿಸಿದ್ರಾಯ್ತು" ಎಂದು ಕೀಲಿ ಕೊಟ್ಟು ಕೂರಬೇಡಿ. ಅಪಘಾತವಾದ ದಿನ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲಕ, ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ನಾಲ್ಕು ಕೈ ದಾಟಿದ್ದರೂ ಹಾಗೆಯೇ. ಕಾರು ಮಾರಿದ ದುಡ್ಡು ಖರ್ಚಾಗಿ ಹೋದ ಮೇಲೆ ಕೋರ್ಟಿನ ನೋಟೀಸು ಬಂದರೆ ತೋಟವೇ ಮಾರುವ ಪಾಡು.

ಒಂದು ವರ್ಷದ ಚೀಟಿ

ಈಗ ಕೂಡಿಸಿ ನೋಡಿ. ಹದಿನೈದು ತುಂಬುತ್ತಿರುವ ಒಂದು ಪೆಟ್ರೋಲ್ ಕಾರು 1,80,000 ರೂಪಾಯಿಗೆ ಬಂತು ಎನ್ನಿ. ಊರ ಗ್ಯಾರೇಜಿನ ಅಂದಾಜು ದರದಲ್ಲಿ ಮೊದಲ ವರ್ಷ: ಟಯರು 16,000, ಬ್ಯಾಟರಿ 5,000, ಮುಂಗಾಲಿನ ಕೆಲಸ 12,000, ಕ್ಲಚ್ 9,000, ರೇಡಿಯೇಟರ್-ಪೈಪು-ಕೂಲಂಟ್ 6,500, ಬ್ರೇಕು 5,000, ಆಯಿಲ್-ಫಿಲ್ಟರ್ ಸರ್ವೀಸು 4,500. ಇಲ್ಲಿಗೆ 58,000. ಆರ್.ಸಿ. ನವೀಕರಣ 5,000. ಮೂರನೇ ವ್ಯಕ್ತಿ ವಿಮೆ, 1,000ದಿಂದ 1,500 ಸಿ.ಸಿ. ಗಾಡಿಗೆ 2022ರಲ್ಲಿ ಕೇಂದ್ರ ನಿಗದಿ ಮಾಡಿದ 3,416ಕ್ಕೆ ತೆರಿಗೆ ಸೇರಿ 4,000. ಹೆಸರು ಬದಲಾವಣೆಯ ಓಡಾಟಕ್ಕೆ 2,000. ಒಟ್ಟು 69,000. ಅಂದರೆ ಗಾಡಿ ಬಿದ್ದದ್ದು 2,49,000ಕ್ಕೆ. ಎ.ಸಿ. ಕಂಪ್ರೆಸರ್ ಕೈಕೊಟ್ಟರೆ ಇನ್ನೂ ಹನ್ನೆರಡರಿಂದ ಇಪ್ಪತ್ತು ಸಾವಿರ.

ಎಲ್ಲ ಗಾಡಿಗೂ ಎಲ್ಲ ಕೆಲಸ ಒಂದೇ ವರ್ಷ ಬರುವುದಿಲ್ಲ, ನಿಜ. ಕೆಲವಕ್ಕೆ ಅರ್ಧದಲ್ಲೇ ಮುಗಿಯುತ್ತದೆ. ಆದರೆ ಈ ಪಟ್ಟಿ ಕೈಯಲ್ಲಿ ಹಿಡಿದು ದಲ್ಲಾಳಿಯ ಮುಂದೆ ಕೂತರೆ ಬೆಲೆ ಇಳಿಸಲು ಬಾಯಿ ಬರುತ್ತದೆ. "ಟಯರ್ ಹೋಗ್ಯಾವ, ಹದಿನಾರು ಬಿಡ್ರಿ" ಎಂದರೆ ಎಂಟಾದರೂ ಬಿಟ್ಟಾನು.

ಸಮಾಧಾನದ ಸುದ್ದಿಯೂ ಒಂದಿದೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತು. ಆ ಇಳಿಕೆ ನಿಮ್ಮ ಬಿಲ್ಲಿನಲ್ಲಿ ಇಳಿದಿದೆಯೇ ಎಂದು ನೋಡಲು ಪಕ್ಕಾ ಬಿಲ್ಲು ಕೇಳಬೇಕು. ತುಂಡು ಕಾಗದದಲ್ಲಿ ಗೀಚಿ ಕೊಟ್ಟರೆ ತೆರಿಗೆಯೂ ಗೊತ್ತಾಗುವುದಿಲ್ಲ, ಸಾಮಾನು ಅಸಲಿಯೋ ನಕಲಿಯೋ ಅದೂ ಗೊತ್ತಾಗುವುದಿಲ್ಲ. ತೆಗೆದ ಹಳೆ ಸಾಮಾನನ್ನು ಕೇಳಿ ಮನೆಗೆ ತನ್ನಿ. ಒಳ್ಳೆಯ ಮಿಸ್ತ್ರಿ ತಾನಾಗಿಯೇ ಕೊಡುತ್ತಾನೆ.

ಬಸ್ಸು ಬಿಡಬೇಡಿ

ಹಳೆ ಕಾರು ತಂದವರು ಮಾಡುವ ಇನ್ನೊಂದು ತಪ್ಪೆಂದರೆ ಕೊತ್ತಂಬರಿ ಸೊಪ್ಪಿಗೂ ಅದನ್ನೇ ಹೊರಡಿಸುವುದು. ನೂರು ರೂಪಾಯಿ ದಾಟಿದ ಪೆಟ್ರೋಲಿನಲ್ಲಿ, ಲೀಟರಿಗೆ ಹದಿನಾಲ್ಕು ಕಿಲೋಮೀಟರು ಓಡುವ ಗಾಡಿಗೆ ಕಿಲೋಮೀಟರಿಗೆ ಏಳು ರೂಪಾಯಿಯ ಮೇಲೆ ಎಣ್ಣೆಗೇ ಬೇಕು. ನೂರು ಕಿಲೋಮೀಟರು ತಿರುಗಿದರೆ ಏಳುನೂರು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್ 11ರಿಂದ ಟಿಕೇಟೇ ಇಲ್ಲ. ಹಗಲಿನ ಪೇಟೆ ಕೆಲಸಕ್ಕೆ ಬಸ್ಸು, ರಾತ್ರಿಯ ಆಪತ್ತಿಗೆ ಕಾರು. ಹೀಗೆ ಪಾಲು ಮಾಡಿಕೊಂಡ ಮನೆಯಲ್ಲಿ ಹಳೆ ಗಾಡಿ ಹತ್ತು ವರ್ಷ ಬಾಳುತ್ತದೆ.

ಕೊನೆಗೊಂದು ಮಾತು. ಎಲ್ಲ ಕಾರುಗಳಿಗೆ ಎ.ಬಿ.ಎಸ್. ಬ್ರೇಕು, ಡ್ರೈವರ್ ಕಡೆಗೆ ಗಾಳಿಚೀಲ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೂ ಹಿಂದಿನ ಅಗ್ಗದ ಮಾದರಿಗಳಲ್ಲಿ ಅವು ಇಲ್ಲದಿರುವುದೇ ಜಾಸ್ತಿ. ಅಲ್ಲಿ ಉಳಿದಿರುವ ರಕ್ಷಣೆ ಸೀಟ್ ಬೆಲ್ಟ್, ಬ್ರೇಕು, ಟಯರು ಈ ಮೂರೇ. ಆದ್ದರಿಂದ ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಬಣ್ಣ ಬಿಡಿ, ಸ್ಟೀರಿಯೋ ಬಿಡಿ, ಸೀಟ್ ಕವರು ಬಿಡಿ. ಮೊದಲ ರೂಪಾಯಿ ಬ್ರೇಕಿಗೆ, ಎರಡನೆಯದು ಟಯರಿಗೆ, ಮೂರನೆಯದು ಬ್ಯಾಟರಿಗೆ. ಮಳೆಗಾಲ ಶುರುವಾಗುವ ಮೊದಲೇ ಇವು ಮೂರೂ ಸರಿಯಾದರೆ, ಹೊಳೆಯದ ಗಾಡಿಯೂ ಬೇಕಾದ ರಾತ್ರಿ ಮನೆಯಿಂದ ಹೊರಡುತ್ತದೆ.